ಪಟ್ಟಿಯಲ್ಲಿ ಹನ್ನೆರಡು, ಕಾವಿನಲ್ಲಿ ಹನ್ನೊಂದು

ವಿಲ್ಲಿಂಗ್ಡನ್ ಐಲ್ಯಾಂಡ್

ದೋಣಿ ನಿಂತಿತು. ಮುಂದೆ ಕುಳಿತವರು ಎದ್ದರು, ನಾನೂ ಎದ್ದೆ. ಗದಗಿನ ಬಸ್ಸುಗಳಲ್ಲಿ ಹಾಗೆಯೇ ಮಾಡಿ ಅಭ್ಯಾಸ. ಕೆಳಗಿಳಿದು ಬ್ಯಾಗನ್ನು ಹೆಗಲಿಗೇರಿಸಿ ಸುತ್ತ ನೋಡಿದರೆ, ನನಗೆ ಹೇಳಿದ್ದ ಮಸಾಲೆಯ ಗೋದಾಮುಗಳು ಒಂದೂ ಇಲ್ಲ. ದೊಡ್ಡ ಕ್ರೇನುಗಳು, ಒಂದರ ಮೇಲೊಂದು ಪೇರಿಸಿದ ಕಬ್ಬಿಣದ ಪೆಟ್ಟಿಗೆಗಳು, ಮುಗಿಯದ ಕಾಂಪೌಂಡು ಗೋಡೆ. ತಿರುಗಿ ನೋಡುವಷ್ಟರಲ್ಲಿ ದೋಣಿ ನೀರಿನ ನಡುವೆ ಹೋಗಿಬಿಟ್ಟಿತ್ತು.

ಕೆಲಸಕ್ಕೆ ಹೊರಟಿದ್ದ ಒಬ್ಬ ಹೆಂಗಸನ್ನು ನಿಲ್ಲಿಸಿ "ಮಟ್ಟಾಂಚೇರಿ?" ಎಂದೆ. ಆಕೆ ನೀರಿನಾಚೆಗೆ ಕೈ ತೋರಿಸಿದಳು. ಅಲ್ಲಿ ಮಸುಕಾಗಿ ಹೆಂಚಿನ ಮಾಡುಗಳು ಕಂಡವು. ನಾನು ಇಳಿದಿದ್ದದ್ದು ಬಂದರು ಇರುವ ದ್ವೀಪದಲ್ಲಿ. ಆಕೆ ನನ್ನ ಮುಖ ನೋಡಿ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿ, ಮಲಯಾಳದಲ್ಲಿ ಏನೋ ಬಹಳ ಹೊತ್ತು ಹೇಳಿ ಹೋದಳು. ಅಲ್ಲೇ ಕೂತಿರು, ಇನ್ನೊಂದು ದೋಣಿ ಬರುತ್ತದೆ ಎಂದಿರಬೇಕು. ಕೂತೆ. ಬಂತು.

ನಾನು ಮಹಾದೇವಿ. ಗದಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೇರಳಕ್ಕೆ ಹೋಗಲು ಪಾಸ್‌ಪೋರ್ಟು ಬೇಕಿಲ್ಲ ನಿಜ, ಆದರೆ ಕಿವಿಗೆ ಬಿದ್ದ ಒಂದು ಮಾತೂ ತಲೆಗೆ ಹತ್ತದ ಮೇಲೆ ಅದು ನನ್ನ ಪಾಲಿಗೆ ಪರದೇಶವೇ. ಹೋಗಲು ಕಾರಣ ನನ್ನ ತಮ್ಮ ಬಸವರಾಜ. ಅವನು ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬೆಳೆಗಳ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿ. ಅಲ್ಲಿ ಅವನ ಗೆಳೆಯರು ಸೇರಿ ಒಂದು ಕೂಟ ನಡೆಸುತ್ತಾರೆ. ಮಕ್ಕಳಿಗೆ ಪರಿಸರದ ಪಾಠವನ್ನು ಕೋಣೆಯೊಳಗಲ್ಲ, ಹೊರಗೆ, ನೀರು ಮಣ್ಣು ಮರಗಳ ನಡುವೆ ಹೇಗೆ ಕಲಿಸುವುದು ಎಂದು ಶಿಕ್ಷಕರು, ತಂದೆತಾಯಂದಿರು, ಮೀನು ಹಿಡಿಯುವವರು ಎಲ್ಲ ಕೂಡಿ ಮಾತಾಡುತ್ತಾರೆ, ನಡೆದಾಡುತ್ತಾರೆ. ಈ ಸಲ ಮೊದಲ ದಿನ ಕೊಚ್ಚಿಯಲ್ಲಿ, ಆಮೇಲಿನ ಎರಡು ದಿನ ತಿರುವನಂತಪುರದಲ್ಲಿ.

"ಅಕ್ಕಾ, ನೀ ಬರಾಕಬೇಕು. ನಿನ್ನ ಹೆಸರ ಬರಸೇನಿ," ಎಂದು ಫೋನಿನಲ್ಲಿ ಹೇಳಿದ್ದ. ಒಲ್ಲೆ ಎಂದೆ. ಯಾಕೆ ಒಲ್ಲೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬರೆಸಿದ್ದ.

ಮಟ್ಟಾಂಚೇರಿ

ಕೂಟ ಸೇರಿದ್ದು ಒಂದು ಹಳೆಯ ಗೋದಾಮಿನಲ್ಲಿ. ಒಳಗೆ ಕಾಲಿಟ್ಟರೆ ಒಣಶುಂಠಿಯ ಘಾಟು ಮೂಗಿಗೆ ಅಡರಿ ಸೀನು ಬಂತು. ಬಾಗಿಲಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಹುಡುಗಿಗೆ ನಾನು ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ, "ಪಟ್ಟಿ... ನನ್ನ ಹೆಸರು... ಪಟ್ಟಿ ಎಲ್ಲಿ?" ಎಂದು ಕೇಳಿದೆ. ಆಕೆ ಬೆಚ್ಚಿ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಮತ್ತೆ ಕೇಳಿದೆ. ಕಾಲು ಮೇಲೆತ್ತಿಕೊಂಡು ಕೂತಳು.

ಹಿಂದಿನಿಂದ ಒಬ್ಬರು ಜೋರಾಗಿ ನಕ್ಕರು. ಅವರೇ ಸುಬೈದಾ ಟೀಚರ್. ಕೊಚ್ಚಿಯ ಒಂದು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು, ಈ ಕೂಟದ ಹಿರಿಯರು. ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ನನಗೆ ಅರೆಬರೆ. "ಇಲ್ಲಿ ಪಟ್ಟಿ ಎಂದರೆ ನಾಯಿ ಟೀಚರೇ. ಅವಳಿಗೆ ನಾಯಿ ಕಂಡರೆ ಭಯ. ನಿಮಗೆ ಬೇಕಾದದ್ದು ಲಿಸ್ಟು, ಅಲ್ಲವೇ?" ಎಂದರು. ಹೌದೆಂದೆ. ಲಿಸ್ಟಿನಲ್ಲಿ ನನ್ನ ಹೆಸರಿತ್ತು.

ಅಂದಿನ ಪಾಠ ಹಿನ್ನೀರಿನ ಅಂಚಿನ ಕೆಸರಿನಲ್ಲಿ. ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಗಿಡಗಳಿಗೆ ಇಲ್ಲಿ ಕಂಡಲ್ ಎನ್ನುತ್ತಾರೆ. ಅವುಗಳ ಬೇರುಗಳು ನೆಲದಿಂದ ಮೇಲಕ್ಕೆ, ಬೆರಳುಗಳನ್ನು ನೆಟ್ಟ ಹಾಗೆ ನಿಂತಿರುತ್ತವೆ. ಎಲ್ಲರೂ ಚಪ್ಪಲಿ ಬಿಟ್ಟು ಮೊಣಕಾಲುದ್ದದ ಕೆಸರಿಗೆ ಇಳಿದರು. ನಮ್ಮ ಎರೆಮಣ್ಣಿನ ಕೆಸರು ಕಾಲನ್ನು ಹಿಡಿದುಕೊಳ್ಳುತ್ತದೆ. ಇದು ನುಂಗುತ್ತದೆ. ನನ್ನ ಬಲಗಾಲು ಹೋದದ್ದು ಬರಲಿಲ್ಲ. ಮೀನು ಮಾರುವ ಒಬ್ಬ ಅಜ್ಜಿ ನನ್ನ ಸೊಂಟಕ್ಕೆ ಕೈ ಹಾಕಿ, ಕ್ಯಾರೆಟ್ ಕೀಳುವ ಹಾಗೆ ಕಿತ್ತು ಪಕ್ಕಕ್ಕಿಟ್ಟಳು. ಯಾರೂ ನಗಲಿಲ್ಲ. ಅಲ್ಲಿ ಅದು ದಿನದ ಸಂಗತಿ ಎಂದು ಕಾಣುತ್ತದೆ. ನಮ್ಮೂರಿನಲ್ಲಾದರೆ ಒಂದು ವಾರ ಮಾತಾಡುತ್ತಿದ್ದರು.

ಮಧ್ಯಾಹ್ನ ಗೋದಾಮಿಗೆ ಮರಳಿ ಎಲ್ಲರೂ ವೃತ್ತವಾಗಿ ಕುಳಿತೆವು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದ ಒಂದು ದಿನದ ಬಗ್ಗೆ ಪ್ರತಿಯೊಬ್ಬರೂ ಹೇಳಬೇಕು. ಮಾತು ಒಬ್ಬರಿಂದ ಒಬ್ಬರಿಗೆ ಸರಿಯುತ್ತ ನನ್ನತ್ತ ಬರುತ್ತಿತ್ತು. ಏನು ಹೇಳುತ್ತಿದ್ದಾರೆಂದು ತಿಳಿಯದಿದ್ದರೂ ಎಲ್ಲರ ಮುಖದಲ್ಲಿ ಖುಷಿ ಕಾಣುತ್ತಿತ್ತು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಊರ ಹಿಂದಿನ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ನವಿಲುಗರಿ ಆರಿಸಿದರು, ಕಲ್ಲಿನ ಬಣ್ಣ ಬರೆದುಕೊಂಡರು, ಸಂಜೆ ಎಲ್ಲರೂ ಹಾಡುತ್ತ ಇಳಿದು ಬಂದೆವು ಎಂದೆ. ಸುಬೈದಾ ಟೀಚರ್ ಅದನ್ನು ಮಲಯಾಳಕ್ಕೆ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಏಳುವಾಗ ಸುಬೈದಾ ಟೀಚರ್ ನನ್ನ ಭುಜ ತಟ್ಟಿ ಹೇಳಿದರು: "ನಾಳೆ ತಿರುವನಂತಪುರದಲ್ಲಿ ಮಕ್ಕಳ ಒಂದು ಗುಂಪು ನಿಮ್ಮದು. ನಿಮ್ಮಂಥವರೇ ಬೇಕು."

ಬೇಡ ಎನ್ನಲು ನನಗೆ ಹಿಂದಿಯ ಶಬ್ದ ಗೊತ್ತಿತ್ತು. ಹೇಳಲಿಲ್ಲ.

ರೈಲು

ಹಾಡುತ್ತ ಇಳಿದು ಬಂದದ್ದು ನಿಜ. ಎಲ್ಲರೂ ಬಂದಿದ್ದರು ಎಂಬುದು ಸುಳ್ಳು.

ಎರಡು ವರ್ಷದ ಹಿಂದಿನ ಮಾತು. ಗುಡ್ಡದ ಮೇಲೆ ಮೂವತ್ತೊಂದು ಮಕ್ಕಳನ್ನು ಎಣಿಸಿದ್ದೆ. ಕೆಳಗೆ ಬಂದು ಮತ್ತೆ ಎಣಿಸಿದೆ, ಮೂವತ್ತೊಂದು. ಸಮಾಧಾನವಾಗಿ ಮನೆಗೆ ಹೋದೆ. ಕೆಳಗೆ ದನ ಕಾಯುತ್ತಿದ್ದ ಇನ್ನೊಂದು ತರಗತಿಯ ಹುಡುಗಿ ನಮ್ಮ ಸಾಲಿನಲ್ಲಿ ಸೇರಿಕೊಂಡಿದ್ದಳು. ಗುಡ್ಡದ ಮೇಲೆ ರೇಣುಕಾ ಎಂಬ ನನ್ನ ವಿದ್ಯಾರ್ಥಿನಿ ಕಾಲು ಉಳುಕಿ ಬಂಡೆಯ ಮರೆಯಲ್ಲಿ ಕೂತಿದ್ದಳು. ಕೂಗಿದಳಂತೆ. ನಮ್ಮ ಹಾಡಿನಲ್ಲಿ ಕೇಳಿಸಲಿಲ್ಲ. ಊರವರು ಹೋಗಿ ಹೊತ್ತುಕೊಂಡು ಬರುವಾಗ ಹೊತ್ತು ಮುಳುಗಿತ್ತು. ಅವಳ ತಾಯಿ ನನ್ನನ್ನು ಬೈಯಲಿಲ್ಲ. "ಎಣಿಸಿದ್ರೇನ್ರಿ ಅಕ್ಕೋರ?" ಎಂದಷ್ಟೇ ಕೇಳಿದಳು. ಎಣಿಸಿದ್ದೆ. ಅಂದಿನಿಂದ ನಾನು ಮಕ್ಕಳನ್ನು ಶಾಲೆಯ ಗೇಟು ದಾಟಿಸಿಲ್ಲ. ಎಲೆ, ಹೂ, ಕಲ್ಲು ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೇ ಕಲಿಸುತ್ತೇನೆ.

ತಿರುವನಂತಪುರದ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಇದನ್ನೇ ನೆನೆಯುತ್ತಿದ್ದೆ. ಹೊರಗೆ ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ನಮ್ಮ ಕಡೆ ಎರಡು ಊರುಗಳ ನಡುವೆ ಕಣ್ಣು ಸೋಲುವಷ್ಟು ಬಯಲಿರುತ್ತದೆ. ಇಲ್ಲಿ ಮನೆ, ತೆಂಗು, ಮನೆ, ಕಾಲುವೆ, ಮತ್ತೆ ಮನೆ. ಇಳಿಯುವ ಸ್ಟೇಷನ್ ಬಂತೇ ಎಂದು ಎದುರಿನವರನ್ನು ನಾಲ್ಕು ಸಲ ಕೇಳಿದೆ. ಐದನೆಯ ಸಲ ಕೇಳುವ ಮೊದಲೇ ಅವರು ನನ್ನ ಬ್ಯಾಗನ್ನು ಕೆಳಗಿಳಿಸಿ ಕೈಗೆ ಕೊಟ್ಟರು.

ಶ್ರೀಕಾರ್ಯಂ

ತಮ್ಮನ ಮಗಳು ನೀಲಾಗೆ ಒಂಬತ್ತು ವರ್ಷ. ಹುಟ್ಟಿದ್ದು ಹುಬ್ಬಳ್ಳಿ, ಬೆಳೆದದ್ದೆಲ್ಲ ಇಲ್ಲೇ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ, ನಡುವೆ ತಮ್ಮ ಇಡ್ಲಿ ಮುರಿಯುತ್ತ ನನಗೆ ಅರ್ಥ ಹೇಳುತ್ತಾನೆ.

"ಎಲ್ಲಾ ತಿಳೀತದ ಆಕಿಗೆ. ಮಾತಾಡಂದ್ರ ನಾಚ್ಕಿ," ಎಂದ.

ಮರುದಿನದ ಕಾರ್ಯಕ್ರಮದ ಕಾಗದ ನನ್ನ ಕೈಯಲ್ಲಿತ್ತು. ಇಂಗ್ಲಿಷ್ ಅಕ್ಷರದಲ್ಲಿ 'ಕಾವು' ಎಂದಿತ್ತು, ಮುಂದೆ ನಡಿಗೆ ಎಂದು. ಕಾವು ಎಂದರೆ ನನಗೆ ಒಂದೇ ಅರ್ಥ ಗೊತ್ತು. ಈಗ ಎಲ್ಲೆಡೆ ಬಿಸಿಲು ಹೆಚ್ಚುತ್ತಿದೆ, ಅದರ ಬಗ್ಗೆ ಮಕ್ಕಳಿಗೆ ತಿಳಿಸುವ ನಡಿಗೆ ಇರಬೇಕು ಎಂದುಕೊಂಡೆ. ಬೆಳಗ್ಗೆ ಎದ್ದು ಎರಡು ಬಾಟಲಿ ಮಜ್ಜಿಗೆ ಮಾಡಿಕೊಂಡೆ, ಛತ್ರಿ ತೆಗೆದುಕೊಂಡೆ, ಬಿಸಿಲು ಬಡಿಯದಿರಲಿ ಎಂದು ನಮ್ಮ ಕಡೆಯಂತೆ ಒಂದು ಉಳ್ಳಾಗಡ್ಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಗದಗಿನ ಬೇಸಿಗೆಯ ಬಗ್ಗೆ ಐದು ನಿಮಿಷದ ಮಾತನ್ನೂ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡೆ.

ಸ್ಕೂಟರಿನಿಂದ ಇಳಿಸಿದಾಗ ತಮ್ಮ, ನನ್ನ ಸೆರಗಿನ ಗಂಟು ನೋಡಿ, "ಇದೇನಕ್ಕಾ?" ಎಂದ.

"ಕಾವಿಗೆ."

ಅವನು ನಕ್ಕು ನಕ್ಕು ಸ್ಕೂಟರಿನ ಮೇಲೆ ತಲೆಯಿಟ್ಟ. "ಕಾವು ಅಂದ್ರ ಇಲ್ಲೆ ನಾಗರ ಬನ. ಒಳಗ ಬಿಸಲ ಬೀಳೂದಿಲ್ಲ."

ಬನದೊಳಗೆ

ಬೀಳುವುದಿಲ್ಲ, ನಿಜ. ಒಂದು ಹಳೆಯ ಮನೆಯ ಹಿಂದೆ, ರಸ್ತೆಯ ಸದ್ದು ಕೇಳುವಷ್ಟು ಹತ್ತಿರದಲ್ಲೇ ಆ ಬನವಿತ್ತು. ಮರಗಳಿಗೆ ತೊಡೆದಪ್ಪದ ಬಳ್ಳಿಗಳು ಸುತ್ತಿಕೊಂಡು ಮಾಡಿನಂತೆ ಹಬ್ಬಿದ್ದವು. ನಡುವೆ ನಾಗರಕಲ್ಲುಗಳು, ಒಂದು ಬದಿಗೆ ಮೆಟ್ಟಿಲಿನ ಕೊಳ, ಹಸಿರು ನೀರು. ಹೊರಗೆ ಚಪ್ಪಲಿ ಬಿಡಬೇಕು, ಒಳಗೆ ಒಂದು ಎಲೆಯನ್ನೂ ಕೀಳಬಾರದು, ಗಟ್ಟಿಯಾಗಿ ಮಾತಾಡಬಾರದು. ಇವಿಷ್ಟು ನಿಯಮಗಳನ್ನು ಮನೆಯ ಯಜಮಾನ, ವಿಜಯನ್ ಎಂಬ ಹಿರಿಯರು, ಇಂಗ್ಲಿಷಿನಲ್ಲಿ ನನಗೆ ತಿಳಿಸಿದರು.

ನನ್ನ ಗುಂಪಿನ ಮಕ್ಕಳ ಹೆಸರಿದ್ದ ಹಾಳೆ ಕೈಗೆ ಬಂತು. ಹನ್ನೆರಡು ಹೆಸರು, ನೀಲಾಳದೂ ಸೇರಿ. ಅಷ್ಟರಲ್ಲಿ ಮಕ್ಕಳು ನುಗ್ಗಿ ಒಳಗೆ ಹೋದರು. ಹೋಗುವಾಗ ಎಣಿಸಬೇಕಿತ್ತು. ಛತ್ರಿ, ಮಜ್ಜಿಗೆ, ಬ್ಯಾಗು ಇಡಲು ಜಾಗ ಹುಡುಕುತ್ತಿದ್ದೆ. ಎಣಿಸಲಿಲ್ಲ.

ಪ್ರತಿ ಮಗು ಒಂದು ಮರ ಆರಿಸಿಕೊಂಡು ಅದರ ಬುಡದಲ್ಲಿ ಸುಮ್ಮನೆ ಕೂತು ಕೇಳಿಸಿದ್ದನ್ನೆಲ್ಲ ನೆನಪಿಟ್ಟುಕೊಳ್ಳಬೇಕು, ಅದೇ ಪಾಠ. ಮಕ್ಕಳು ನಿಜಕ್ಕೂ ಸುಮ್ಮನೆ ಕೂತರು. ನಮ್ಮ ಎಂಟನೇ ತರಗತಿ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಎದ್ದು ಬಂದ ಮೇಲೆ ಸಾಲಾಗಿ ನಿಲ್ಲಿಸಿ ಎಣಿಸಿದೆ. ಹನ್ನೊಂದು.

ಮತ್ತೆ ಎಣಿಸಿದೆ. ಹನ್ನೊಂದು.

ಹೆಸರು ಕರೆಯತೊಡಗಿದೆ. ಒಬ್ಬೊಬ್ಬರೂ ಕೈಯೆತ್ತಿದರು. ಅಮ್ಮು ಎಂದಾಗ, ಹಳದಿ ಲಂಗದ, ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ ಕೈಯೆತ್ತಿದಳು. ಗುರುತು ಹಾಕಿದೆ. ಕೊನೆಯ ಹೆಸರು ಭದ್ರಾ. ಯಾರೂ ಮಾತಾಡಲಿಲ್ಲ. "ಭದ್ರಾ?" ಎಂದೆ ಮತ್ತೆ. ಅಮ್ಮು ಕೈಯೆತ್ತಿದಳು. ಏನೋ ಕೇಳಬೇಕಿದೆ ಪಾಪ ಎಂದುಕೊಂಡು, "ಇರು ಕಂದಾ, ಆಮೇಲೆ" ಎಂದು ಅವಳ ಕೈ ಇಳಿಸಿದೆ. "ಭದ್ರಾ ಎಲ್ಲಿ? ಯಾರು ನೋಡಿದಿರಿ?" ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಆ ಹೆಸರಿನವಳು ಗೊತ್ತಿಲ್ಲ. ಅಮ್ಮು ಮತ್ತೆ ಕೈಯೆತ್ತಿದಳು. ನಾನು ಮತ್ತೆ ಇಳಿಸಿದೆ.

ನನ್ನ ಕಣ್ಣು ಕೊಳದ ಕಡೆ ಹೋಯಿತು. ಮೇಲಿನ ಮೆಟ್ಟಿಲ ಮೇಲೆ ಒಂದು ಜೊತೆ ಕೆಂಪು ಚಪ್ಪಲಿ, ಸಣ್ಣ ಕಾಲಿನವು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಹನ್ನೊಂದು ಮಕ್ಕಳನ್ನು ಅಲ್ಲೇ ಬಿಟ್ಟು ಓಡಿದೆ. ದನಿಯೆತ್ತಬಾರದ ಬನದಲ್ಲಿ "ಭದ್ರಾ! ಭದ್ರಾ!" ಎಂದು ಕಿರುಚಿದೆ. ಹಿಂದಿನಿಂದ ಯಾರೋ "ಸಾರೇ! ಸಾರೇ!" ಎಂದು ಕೂಗುತ್ತಿದ್ದರು. ಯಾವ ಗಂಡಸನ್ನೋ ಕರೆಯುತ್ತಿದ್ದಾರೆ, ಅವರಾದರೂ ಬರಲಿ ಎಂದುಕೊಂಡೆ. ನಿಲ್ಲಲಿಲ್ಲ. ಈಜು ಬಾರದ ನಾನು ಸೀರೆಯಲ್ಲೇ ಮೆಟ್ಟಿಲಿಳಿದು ಸೊಂಟದವರೆಗೆ ನೀರಿಗೆ ಹೋಗಿ ಎರಡೂ ಕೈಯಲ್ಲಿ ತಳ ತಡಕಾಡಿದೆ. ಸಿಕ್ಕಿದ್ದು ಎಲೆ, ಪಾಚಿ, ಒಂದು ಕೊಳೆತ ತೆಂಗಿನ ಗರಿ.

"ಸಾರೇ!" ದನಿ ತಲೆಯ ಮೇಲೇ ಕೇಳಿತು. ನೋಡಿದರೆ ವಿಜಯನ್, ಕೈ ಚಾಚಿ ನಿಂತಿದ್ದರು. ಅವರು ಕರೆಯುತ್ತಿದ್ದದ್ದು ನನ್ನನ್ನೇ. ಕೊಚ್ಚಿಯಲ್ಲಿ ನಾನು ಟೀಚರ್, ಇಲ್ಲಿ ಕಲಿಸುವ ಹೆಂಗಸರಿಗೂ ಸಾರ್ ಎನ್ನುತ್ತಾರೆ ಎಂದು ಆಮೇಲೆ ತಮ್ಮ ಹೇಳಿದ. ಅವರ ಪಕ್ಕದಲ್ಲಿ ನೀಲಾ ಏದುಸಿರು ಬಿಡುತ್ತಿದ್ದಳು. ಅಮ್ಮುವನ್ನೇ ಕೇಳಿ ತಿಳಿದುಕೊಂಡು, ಓಡುತ್ತಲೇ ಮಲಯಾಳದಲ್ಲಿ ಏನೇನೋ ಹೇಳಿದ್ದಳಂತೆ, ನನಗೆ ಒಂದೂ ಹತ್ತಿರಲಿಲ್ಲ. ಈಗ ಕಾಲು ನೆಲಕ್ಕೆ ಬಡಿದು, ಅವಳ ಅಪ್ಪನ ಧಾಟಿಯಲ್ಲೇ ಕೂಗಿದಳು.

"ಅತ್ತೀ, ಭದ್ರಾನೂ ಆಕಿನ, ಅಮ್ಮೂನೂ ಆಕಿನ! ಆಕಿ ಕೈ ಎತ್ತಿದ್ರ ನೀನಾ ಇಳಿಸಿದಿ!"

ನೀರಿನಲ್ಲಿ ನಿಂತೇ ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲಿನ ಮಕ್ಕಳಿಗೆ ಶಾಲೆಗೊಂದು, ಮನೆಗೊಂದು ಹೆಸರು. ತಾಯಿ ಮೊದಲೇ ಭದ್ರಾ ಎಂದು ಬರೆಸಿದ್ದಳು. ಬೆಳಗ್ಗೆ ಗೇಟಿನಲ್ಲಿ ಅಜ್ಜಿ, ತಿಳಿಯದೆ, ಅಮ್ಮು ಎಂದು ಇನ್ನೊಮ್ಮೆ ಬರೆಸಿದ್ದಳು. ಕೆಂಪು ಚಪ್ಪಲಿ ವಿಜಯನ್ ಅವರ ಮೊಮ್ಮಗಳದು, ಅವಳು ಮನೆಯೊಳಗೆ ನಿದ್ದೆ ಮಾಡುತ್ತಿದ್ದಳು.

ಅಷ್ಟರಲ್ಲಿ ಬನದ ತುಂಬ ಜನ. ಬೇರೆ ಗುಂಪಿನವರು ಓಡಿ ಬಂದರು, ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎಳೆದು ಅಪ್ಪಿಕೊಂಡರು. ಅಡುಗೆಯ ಕಡೆಯಿಂದ ಒಬ್ಬಳು, ಕೈಗೆ ಅಂಟಿದ ತೆಂಗಿನ ತುರಿಯ ಸಮೇತ, ಮಗಳ ಹೆಸರನ್ನು ಯಾರೋ ಕೊಳದಲ್ಲಿ ಕೂಗುತ್ತಿರುವುದನ್ನು ಕೇಳಿ ಓಡಿ ಬಂದಿದ್ದಳು. ಅವಳು ಭದ್ರಾಳ ತಾಯಿ, ಲೇಖಾ. ಮಗಳನ್ನು ನೋಡಿದಳು, ನೀರಿನಲ್ಲಿ ನಿಂತ ನನ್ನನ್ನು ನೋಡಿದಳು. ಇಂಗ್ಲಿಷಿನಲ್ಲಿ, ನನಗೆ ತಿಳಿಯಲೆಂದೇ, "ಒಂದು ನಿಮಿಷ ನನ್ನ ಜೀವವೇ ಇರಲಿಲ್ಲ. ನೀವು ಹೀಗೆ ಮಾಡಬಹುದೇ?" ಎಂದಳು. ಮಗಳನ್ನು ಎತ್ತಿಕೊಂಡು ತಿರುಗಿ ಹೋದಳು. ಅಮ್ಮು ಅವಳ ಹೆಗಲ ಮೇಲಿಂದ ಇನ್ನೂ ಒಂದು ಕೈಯೆತ್ತಿಕೊಂಡೇ ನನ್ನನ್ನು ನೋಡುತ್ತಿದ್ದಳು.

ಸಂಜೆಯ ವೃತ್ತ

ಲೇಖಾಳ ಮುಂದೆ ಮತ್ತೆ ಹೋಗಿ ಕೂರುವ ಧೈರ್ಯ ನನಗಿರಲಿಲ್ಲ. ತಮ್ಮನ ಹೆಂಡತಿಯ ಒಣ ಸೀರೆಯುಟ್ಟು, "ನಾಳಿನ ರೈಲಿಗೆ ಟಿಕೆಟ್ ತಗಸು" ಎಂದೆ ತಮ್ಮನಿಗೆ. "ತಗಸ್ತೀನಿ. ಇವತ್ತಿಂದು ಇನ್ನೂ ಮುಗಿದಿಲ್ಲಲ್ಲ," ಎಂದಷ್ಟೇ ಹೇಳಿದ.

ವಿಜಯನ್ ಅವರ ಮನೆಯ ಜಗಲಿಯಲ್ಲಿ ಎಲ್ಲರೂ ಕೂತಿದ್ದರು. ಕೊಚ್ಚಿಯಿಂದ ಸುಬೈದಾ ಟೀಚರೂ ಬಂದಿದ್ದರು. ಕ್ಷಮೆ ಕೇಳಿ ಮುಗಿಸಿಬಿಡೋಣ ಎಂದು ಎದ್ದೆ. ಹಿಂದಿಯಲ್ಲಿ ಶುರು ಮಾಡಿದವಳಿಗೆ ಎರಡನೇ ವಾಕ್ಯದಲ್ಲೇ ಶಬ್ದ ಸಿಗಲಿಲ್ಲ. ನೀಲಾ ಬಂದು ನನ್ನ ಪಕ್ಕ ನಿಂತು ಸೆರಗು ಎಳೆದಳು.

"ಕನ್ನಡದಾಗ ಹೇಳ ಅತ್ತೀ. ನಾ ಹೇಳ್ತೀನಿ ಅವರಿಗೆ."

ಹೇಳಿದೆ. ಮಟ್ಟಾಂಚೇರಿಯಲ್ಲಿ ನಾನು ಹೇಳಿದ ಗುಡ್ಡದ ಕಥೆ ಅರ್ಧ ಸುಳ್ಳು ಎಂದೆ. ಮೂವತ್ತೊಂದು ಎಣಿಸಿದೆ, ಮೂವತ್ತೊಂದು ಮಕ್ಕಳೂ ಇದ್ದರು, ಆದರೂ ಒಬ್ಬಳು ಇರಲಿಲ್ಲ ಎಂದೆ. ರೇಣುಕಾಳ ಹೆಸರು ಹೇಳಿದೆ. ಇವತ್ತು ಎಲ್ಲ ಮಕ್ಕಳೂ ನನ್ನ ಎದುರಿಗೇ ಇದ್ದರು, ಆದರೂ ಲೆಕ್ಕದಲ್ಲಿ ಒಬ್ಬಳು ಇರಲಿಲ್ಲ, ನನಗೆ ತಲೆ ಕೆಟ್ಟಿತು, ಲೇಖಾ ಅವರನ್ನು ಸುಮ್ಮಸುಮ್ಮನೆ ಹೆದರಿಸಿದೆ ಎಂದೆ. ನಾನು ನಿಲ್ಲಿಸಿದಲ್ಲೆಲ್ಲ ನೀಲಾಳ ಸಣ್ಣ ದನಿ ಮಲಯಾಳದಲ್ಲಿ ಹೇಳುತ್ತಿತ್ತು. ಒಂದು ಕಡೆ ಅವಳೂ ನಿಂತು ನನ್ನ ಮುಖ ನೋಡಿದಳು, ಮುಂದುವರಿಸಿದಳು. ಅವಳಿಗೆ ರೇಣುಕಾಳ ವಿಷಯ ಅದೇ ಮೊದಲು ಗೊತ್ತಾದದ್ದು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ವಿಜಯನ್ ಏನೋ ಹೇಳಿದರು, ಇನ್ನೊಬ್ಬರು ಹೇಳಿದರು, ಒಬ್ಬ ತಂದೆ ಕಣ್ಣು ಒರೆಸಿಕೊಂಡರು. ನೀಲಾ ನನಗೆ ತಿರುಗಿಸಿ ಹೇಳುವಷ್ಟರಲ್ಲಿ ಮಾತು ಮುಂದೆ ಹೋಗಿಬಿಡುತ್ತಿತ್ತು. ತಿಳಿದದ್ದು ಇಷ್ಟು. ಅಲ್ಲಿದ್ದ ಎಲ್ಲರಿಗೂ ಒಂದೊಂದು ಅಂಥ ದಿನವಿತ್ತು, ಯಾರೂ ಅದನ್ನು ವೃತ್ತದಲ್ಲಿ ಹೇಳಿರಲಿಲ್ಲ. ಸುಬೈದಾ ಟೀಚರ್ ಒಮ್ಮೆ ದೋಣಿಯೊಂದರಲ್ಲಿ ಇಬ್ಬರು ಮಕ್ಕಳನ್ನು ಮರೆತು ದಡಕ್ಕೆ ಬಂದಿದ್ದರಂತೆ.

"ನಾನು ಆಮೇಲೆ ಎಣಿಸುವುದನ್ನೇ ಬಿಟ್ಟೆ," ಎಂದು ಹಿಂದಿಯಲ್ಲಿ ನನಗೆ ಹೇಳಿದರು. "ಜೋಡಿ ಮಾಡುತ್ತೇನೆ. ನಿನ್ನ ಜೋಡಿ ಎಲ್ಲಿ ಎಂದು ಕೇಳಿದರೆ ಸಾಕು, ಮಕ್ಕಳೇ ಹುಡುಕುತ್ತಾರೆ. ನಾಳೆ ನೀವೂ ಹಾಗೇ ಮಾಡಿ."

ನಾಳೆ ನಾನು ಊರಿಗೆ ಹೊರಟಿದ್ದೇನೆ ಎಂದೆ. ಅವರಿಗೆ ನನ್ನ ಹಿಂದಿ ತಿಳಿಯಲಿಲ್ಲವೋ, ತಿಳಿಯದವರಂತೆ ಮಾಡಿದರೋ, "ಎಂಟು ಗಂಟೆಗೆ," ಎಂದು ಎದ್ದು ಹೋದರು.

ಮತ್ತೆ ಬನ

ಎಂಟಕ್ಕೆ ಹೋದೆ. ಸಂಜೆಯ ರೈಲಿಗೆ ಟಿಕೆಟ್ ಸಿಕ್ಕಿದೆ ಎಂದು ತಮ್ಮ ಹೇಳಿದ. ಅದು ನಿಜವಾಗಿಯೂ ಹಾಗಿತ್ತೋ, ಬೇಕೆಂದೇ ಸಂಜೆಯದನ್ನು ತೆಗೆಸಿದ್ದನೋ, ನಾನು ಕೇಳಲಿಲ್ಲ.

ಹತ್ತು ಮಕ್ಕಳು ಬಂದು ನಿಂತರು. ಹನ್ನೊಂದನೆಯವಳು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಗೇಟಿನ ಕಡೆ ನೋಡುತ್ತಿದ್ದೆ. ಜೋಡಿ ಮಾಡಿದೆ, ಐದು ಜೋಡಿ. ನೀಲಾ ತನ್ನ ಜೋಡಿಯ ಹೆಸರನ್ನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಳು, ಮನೆಯದು ಮತ್ತು ಶಾಲೆಯದು. ಉಳಿದವರೂ ಅದನ್ನೇ ಆಟ ಮಾಡಿಕೊಂಡರು. ಮನೆಯ ಹೆಸರು ಕೇಳಿದರೆ ಒಂದೇ ಗುಂಪಿನಲ್ಲಿ ಇಬ್ಬರು ಉಣ್ಣಿಗಳು, ಒಬ್ಬ ಕುಟ್ಟನ್ ಇದ್ದರು.

ಹೊರಡುವಾಗ ಆಟೋ ನಿಂತಿತು. ಲೇಖಾ ಇಳಿದಳು, ಹಿಂದೆಯೇ ಹಳದಿ ಲಂಗ. ಲೇಖಾ ನನ್ನ ಹತ್ತಿರ ಬಂದು ನಿಂತಳು.

"ಇವಳು ರಾತ್ರಿಯಿಡೀ ಕೇಳಿದಳು," ಎಂದಳು, ಇಂಗ್ಲಿಷಿನಲ್ಲಿ. "ಆ ಸಾರ್ ನನಗಾಗಿ ನೀರಿಗೆ ಇಳಿದರಾ ಅಮ್ಮಾ ಅಂತ. ಹೌದು ಅಂದೆ." ಮಕ್ಕಳ ಸಾಲು ನೋಡಿದಳು. ಎಲ್ಲರಿಗೂ ಜೋಡಿಯಿತ್ತು. ಮಗಳ ಕೈಯನ್ನು ಹಿಡಿದು ನನ್ನ ಕೈಯೊಳಗಿಟ್ಟಳು. "ಇವಳಿಗೆ ಜೋಡಿ ಇಲ್ಲ. ನೀವಿರಿ."

ನಾನು ಒಳಗೆ ಹೆಜ್ಜೆಯಿಡುವ ಮೊದಲೇ ಭದ್ರಾ ನನ್ನನ್ನು ಎಳೆದುಕೊಂಡು ನಡೆದಳು. ದಾರಿಯುದ್ದಕ್ಕೂ ಪಿಸುದನಿಯಲ್ಲಿ, ಬಿದ್ದ ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತ, ಒಂದೇ ಸಮನೆ ಏನೋ ಹೇಳುತ್ತಿದ್ದಳು. ನಡುನಡುವೆ ನಿಂತು, ಬೆರಳು ಎತ್ತಿ, ನನ್ನ ಮುಖ ನೋಡಿ ಉತ್ತರಕ್ಕೆ ಕಾಯುತ್ತಿದ್ದಳು. ಒಂದು ಅಕ್ಷರವೂ ತಿಳಿಯದೆ ನಾನು ಪ್ರತಿ ಸಲವೂ ತಲೆಯಾಡಿಸಿ "ಹೂಂ" ಎಂದೆ. ಮರದ ಬುಡದಲ್ಲಿ ಕೂತ ಮೇಲೆ, ಹಿಂದಿನ ಜೋಡಿಯಲ್ಲಿದ್ದ ನೀಲಾ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು:

"ಅತ್ತೀ, ನೀ ಏನಕ್ಕ ಹೂಂ ಅಂದಿ ಗೊತ್ತೈತೇನ? ನೀ ಕಳದಹೋದ್ರ ಎಲ್ಲಿ ಇದ್ದೀಯೋ ಅಲ್ಲೇ ಕುಂದ್ರಬೇಕಂತ. ಅಳಬಾರದಂತ. ನೀರಾಗ ಇಳೀಬಾರದಂತ. ಆಕಿ ಬಂದು ಹುಡುಕತಾಳಂತ."